ಅಂಡರ್‌ರೈಟರ್ ಅಂದರೆ ಯಾರು? ಟಿವಿ ಪರದೆಯ ಎನ್‌ಎಸ್‌ಎಫ್ ಗುರುತಿನ ಕತೆ

ಅಮೆರಿಕದ ಹಳೆಯ ಮಕ್ಕಳ ವಿಜ್ಞಾನ ಕಾರ್ಯಕ್ರಮಗಳ ತುಣುಕುಗಳು ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿವೆ. ಅವುಗಳಲ್ಲಿ ಕಾಣುವ ನ್ಯಾಷನಲ್ ಸೈನ್ಸ್ ಫೌಂಡೇಶನ್ (ಎನ್‌ಎಸ್‌ಎಫ್) ಅನ್ನುವ ಸರ್ಕಾರಿ ಸಂಸ್ಥೆಯ ಗುರುತನ್ನು 'ಪ್ರಾಯೋಜಕರ ಜಾಹೀರಾತು' ಅಂತ ಬರೆಯುವವರು ಜಾಸ್ತಿ ಆಗಿದ್ದಾರೆ. ಸರ್ಕಾರ ದುಡ್ಡು ಕೊಟ್ಟು ಟಿವಿಯಲ್ಲಿ ಜಾಗ ಕೊಂಡು ಪ್ರಚಾರ ಮಾಡಿಕೊಂಡಿತು ಅನ್ನುವ ಮಾತೂ ಮೊನ್ನೆ ಕಣ್ಣಿಗೆ ಬಿತ್ತು. ಸುಮ್ನೆ ಬಿಡೋಣ ಅಂದುಕೊಂಡರೂ ಆಗಲಿಲ್ಲ. ಆ ಗುರುತು ಜಾಹೀರಾತಲ್ಲ. ಜಾಹೀರಾತು ಆಗಲು ಅಲ್ಲಿನ ಕಾನೂನೇ ಬಿಡುವುದಿಲ್ಲ.

ಕಾರ್ಯಕ್ರಮಕ್ಕೆ ಹೊರಗಿನವರು ಹಣ ಕೊಡುವುದನ್ನು ಅಲ್ಲಿನ ಸಾರ್ವಜನಿಕ ಟಿವಿಯವರು, ಅಂದರೆ ಜಾಹೀರಾತಿಲ್ಲದೆ ನಡೆಯುವ ವಾಹಿನಿಗಳವರು, ಅಂಡರ್‌ರೈಟಿಂಗ್ ಅನ್ನುತ್ತಾರೆ. ಹಣ ಕೊಟ್ಟವರು ಅಂಡರ್‌ರೈಟರ್. ಈ ಪದ ಟಿವಿಯವರದ್ದಲ್ಲ, ಹಡಗಿನ ವ್ಯಾಪಾರದವರದ್ದು. 17ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲಾಯ್ಡ್ ಅವರ ಕಾಫಿ ಅಂಗಡಿಯಲ್ಲಿ ಹಡಗಿನ ಮಾಲೀಕರು, ವ್ಯಾಪಾರಿಗಳು ಸೇರುತ್ತಿದ್ದರು. ಯಾವ ಹಡಗು, ಏನು ಸರಕು, ಎಲ್ಲಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದಿರುತ್ತಿತ್ತು. ಹಡಗು ಮುಳುಗಿದರೆ ನಷ್ಟದಲ್ಲಿ ಇಷ್ಟು ಪಾಲು ನನ್ನದು ಅಂತ ಒಪ್ಪುವವರು ಆ ಬರಹದ ಕೆಳಗೆ ತಮ್ಮ ಹೆಸರು, ಮೊತ್ತ ಬರೆಯುತ್ತಿದ್ದರು. ಕೆಳಗೆ ಬರೆಯುವವರು, ಅದಕ್ಕೇ ಅಂಡರ್‌ರೈಟರ್. ವಿಮೆ ಕಂಪನಿಗಳಲ್ಲಿ ಈ ಹುದ್ದೆಯ ಹೆಸರು ಇವತ್ತಿಗೂ ಇದೇ. ಹೆಸರು ಹಾಕಿದ್ದು ಹೊಣೆ ಹೊತ್ತದ್ದಕ್ಕೆ ಸಾಕ್ಷಿಯಾಗಿ ಅನ್ನುವುದನ್ನು ಗಮನಿಸಿ. ಸರಕು ಕೊಳ್ಳಿ ಅಂತ ಯಾರಿಗೂ ಹೇಳುವುದಕ್ಕಲ್ಲ.

ಪ್ರಾಯೋಜಕ ಅನ್ನುವ ಪದದ ದಾರಿ ಬೇರೆ. ಅಮೆರಿಕದ ವಾಣಿಜ್ಯ ಟಿವಿಯ ಮೊದಲ ವರ್ಷಗಳಲ್ಲಿ ಕಾರ್ಯಕ್ರಮದ ಹೆಸರೇ ಕಂಪನಿಯದ್ದಾಗಿರುತ್ತಿತ್ತು. 1948ರಲ್ಲಿ ಟಿವಿಗೆ ಬಂದ 'ಟೆಕ್ಸಾಕೋ ಸ್ಟಾರ್ ಥಿಯೇಟರ್' ಪೆಟ್ರೋಲ್ ಕಂಪನಿಯ ಹೆಸರು ಹೊತ್ತೇ ಓಡಿತು. ನಮ್ಮಲ್ಲಿ 1984ರ 'ಹಮ್ ಲೋಗ್' ಧಾರಾವಾಹಿಯ ಜೊತೆಗೆ ಮ್ಯಾಗಿ ನೂಡಲ್ಸ್ ಮನೆಮನೆಗೆ ಬಂತು. ದೂರದರ್ಶನದಿಂದ ನಾವು ಕಲಿತ 'ಪ್ರಾಯೋಜಕರು' ಇವರೇ: ಹಣ ಕೊಡುತ್ತಾರೆ, ಬದಲಿಗೆ ತಮ್ಮ ಮಾಲಿನ ಮಾತು ನಿಮ್ಮ ಕಿವಿಗೆ ಹಾಕುತ್ತಾರೆ. ಅದು ನೇರವಾದ ವ್ಯವಹಾರ, ನನಗೆ ತಕರಾರಿಲ್ಲ. ಆ ಪದವನ್ನು ತಂದು ಎನ್‌ಎಸ್‌ಎಫ್‌ಗೆ ಅಂಟಿಸುವುದಕ್ಕೆ ಮಾತ್ರ ತಕರಾರು.

ಎನ್‌ಎಸ್‌ಎಫ್ 1950ರಲ್ಲಿ ಕಾನೂನಿನ ಮೂಲಕ ಹುಟ್ಟಿದ ಸರ್ಕಾರಿ ಸಂಸ್ಥೆ. ಅದಕ್ಕೆ ಮಾರುವ ಮಾಲಿಲ್ಲ. ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವುದು ಅದರ ಮುಖ್ಯ ಕೆಲಸ. ಶಾಲೆಯ ಹೊರಗೆ ವಿಜ್ಞಾನ ಕಲಿಸುವ ಮ್ಯೂಸಿಯಂ, ಟಿವಿ ಕಾರ್ಯಕ್ರಮಗಳಿಗೂ ಅದರಲ್ಲೊಂದು ಪಾಲು. '3-2-1 ಕಾಂಟ್ಯಾಕ್ಟ್', 'ಬಿಲ್ ನೈ ದಿ ಸೈನ್ಸ್ ಗೈ', 'ದಿ ಮ್ಯಾಜಿಕ್ ಸ್ಕೂಲ್ ಬಸ್', ಗಣಿತದ 'ಸೈಬರ್‌ಚೇಸ್' ಎಲ್ಲಕ್ಕೂ ಹೀಗೆ ಹಣ ಬಂತು. ತಯಾರಕರು ಅರ್ಜಿ ಹಾಕಬೇಕು, ಪರಿಣತರು ಅದನ್ನು ಓದಿ ತೂಗಬೇಕು. ಹಣ ಪಡೆದವರು ಸಂಸ್ಥೆಯ ನೆರವನ್ನು ಹೇಳಲೇಬೇಕು. ಇಲ್ಲಿರುವ ಅಭಿಪ್ರಾಯಗಳು ಎನ್‌ಎಸ್‌ಎಫ್‌ನದ್ದೇ ಆಗಿರಬೇಕಿಲ್ಲ ಅನ್ನುವ ಮಾತೂ ಅದರ ಅನುದಾನದ ನಿಯಮಗಳಲ್ಲೇ ಇದೆ. ಯಾವ ಜಾಹೀರಾತುದಾರ ಹೀಗೆ ಹೇಳುತ್ತಾನೆ?

ಇನ್ನು ಗುರುತು ಬದಲಾದ ಬಗೆ. ಕಾರ್ಯಕ್ರಮಕ್ಕೆ ಹಣ ಕೊಟ್ಟವರು ಯಾರು ಅಂತ ನೋಡುವವರಿಗೆ ತಿಳಿಸಬೇಕು ಅನ್ನುವುದು 1934ರ ಸಂಪರ್ಕ ಕಾಯ್ದೆಯಲ್ಲೇ ಇದೆ. ಸಾರ್ವಜನಿಕ ಟಿವಿಯ ಮೊದಲ ದಿನಗಳಲ್ಲಿ ಇದನ್ನು ಬರೀ ಅಕ್ಷರಗಳಲ್ಲಿ ತೋರಿಸಿ, ಒಂದು ದನಿ ಓದಿ ಮುಗಿಸುತ್ತಿದ್ದರು. 1981ರ ತಿದ್ದುಪಡಿ ಚಿಹ್ನೆ ತೋರಿಸಲು ಅವಕಾಶ ಕೊಟ್ಟಿತು. ಆ ಕಾನೂನಿನಲ್ಲಿರುವ ಪದ ಲೋಗೋಗ್ರಾಮ್. ಸಂಸ್ಥೆ ಯಾವುದು ಅಂತ ಗುರುತಿಸಲು ಮಾತ್ರ ಬಳಸುವ ಅಕ್ಷರ, ಪದ ಅಥವಾ ಚಿಹ್ನೆ ಅಂತ ಅದಕ್ಕೆ ಅರ್ಥ ಕೊಟ್ಟಿದ್ದಾರೆ. ಅದರಿಂದ ಮಾಲಿನ ಪ್ರಚಾರ ಮಾಡುವ ಹಾಗಿಲ್ಲ. ಕಾರ್ಯಕ್ರಮದ ನಡುವೆ ತೂರಿಸುವ ಹಾಗೂ ಇಲ್ಲ.

1984ರಲ್ಲಿ ಪ್ರಸಾರ ನಿಯಂತ್ರಣ ಆಯೋಗ ಹಿಡಿತ ಇನ್ನಷ್ಟು ಸಡಿಲಿಸಿತು. ಘೋಷವಾಕ್ಯ ಬರಬಹುದು, ಏನು ಮಾಡುವ ಸಂಸ್ಥೆ ಅಂತ ಹೇಳಬಹುದು. ಒಬ್ಬ ಕಾರು ತಯಾರಕ ತನ್ನ ಕಾರನ್ನು ತೋರಿಸಬಹುದು. 'ಎಲ್ಲಕ್ಕಿಂತ ಒಳ್ಳೆಯ ಕಾರು' ಅಂದರೆ ತಪ್ಪು. ಬೆಲೆ ಹೇಳಿದರೂ ತಪ್ಪು, 'ಇವತ್ತೇ ಬನ್ನಿ' ಅಂತ ಕರೆದರೂ ತಪ್ಪು. ಗೆರೆ ಇಷ್ಟು ಸಣ್ಣದು.

ಆಮೇಲೆ ಎನ್‌ಎಸ್‌ಎಫ್ ಗುರುತಿಗೂ ರಂಗು ಬಂತು. ನೀಲಿ ಭೂಗೋಳ, ಸುತ್ತ ಚಿನ್ನದ ಬಣ್ಣದ ಅಂಚು, ಮೇಲೆ ಬಿಳಿಯ ಮೂರು ಅಕ್ಷರ. ಜೊತೆಗೆ 'ಭವಿಷ್ಯಕ್ಕಾಗಿ ಅಮೆರಿಕ ಹೂಡಿದ ಬಂಡವಾಳ' ಅನ್ನುವ ಅರ್ಥದ ಸಾಲು. ನಂತರದ ವರ್ಷಗಳಲ್ಲಿ 'ಆವಿಷ್ಕಾರಗಳು ಶುರುವಾಗುವ ಜಾಗ' ಅನ್ನುವ ಅರ್ಥದ್ದು. ಗೊಂದಲಕ್ಕೆ ಈ ಸಾಲುಗಳೇ ಕಾರಣ ಅಂತ ನನ್ನ ಅನಿಸಿಕೆ. ಕೇಳಲು ಚೆನ್ನಾಗಿವೆ, ಕಾನೂನಿನ ಗೆರೆಯೊಳಗೇ ಇವೆ. ಆದರೆ ಘೋಷವಾಕ್ಯದ ಲಯ ಕಿವಿಗೆ ಬಿದ್ದ ಕೂಡಲೇ ಮನಸ್ಸು ಅದನ್ನು ಜಾಹೀರಾತು ಅಂತಲೇ ತಗೊಳ್ಳುತ್ತದೆ, ಅಲ್ವಾ? ಹಣ ಕೊಟ್ಟವರ ಹೆಸರು ಮಾತ್ರ ಇದ್ದ ಹಳೆಯ ರೂಪವೇ ಹೆಚ್ಚು ಪ್ರಾಮಾಣಿಕವಾಗಿತ್ತು. ಬಿಲ್ ನೈ ಕಾರ್ಯಕ್ರಮದ್ದು ಇನ್ನೊಂದು ತೊಡಕು. ಅದು ಸಾರ್ವಜನಿಕ ವಾಹಿನಿಗಳಲ್ಲೂ ವಾಣಿಜ್ಯ ವಾಹಿನಿಗಳಲ್ಲೂ ಬಂತು. ಎರಡನೆಯ ಕಡೆ ನಿಜವಾದ ಜಾಹೀರಾತುಗಳೂ ಇದ್ದವು. ಅಲ್ಲಿ ನೋಡಿದವರಿಗೆ ಎರಡೂ ಒಂದೇ ಅನ್ನಿಸಿದರೆ ಅವರನ್ನು ದೂರುವ ಹಾಗಿಲ್ಲ.

ಕನ್ನಡದಲ್ಲಿ ಏನು ಬರೆಯಬೇಕು? ನಮ್ಮ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ 'ಕೊಡುಗೆ' ಅಂತ ಕೆತ್ತಿ ಹೆಸರು ಹಾಕಿರುತ್ತಾರಲ್ಲ, ಅರ್ಥ ಹೆಚ್ಚುಕಡಿಮೆ ಅದೇ. ಆದರೆ ಕೊಡುಗೆ ಸ್ವಂತ ಜೇಬಿನದ್ದು, ಎನ್‌ಎಸ್‌ಎಫ್‌ನದ್ದು ತೆರಿಗೆ ಹಣ. ಹಾಗಾಗಿ 'ಅನುದಾನ' ಸರಿಯಾದ ಪದ. 'ಎನ್‌ಎಸ್‌ಎಫ್ ಅನುದಾನದಿಂದ ತಯಾರಾದ ಕಾರ್ಯಕ್ರಮ' ಅಂತ ಬರೆದರೆ ಯಾರಿಗೂ ತಪ್ಪು ಅರ್ಥ ಆಗುವುದಿಲ್ಲ.

ಹಣ ಕೊಟ್ಟವರ ಒಂದೇ ಪಟ್ಟಿಯಲ್ಲಿ ಬರುವ ಸಿಪಿಬಿಯನ್ನು, ಅಂದರೆ ಸಾರ್ವಜನಿಕ ಪ್ರಸಾರ ನಿಗಮವನ್ನು, ಎನ್‌ಎಸ್‌ಎಫ್ ಜೊತೆ ಬೆರೆಸುವುದನ್ನೂ ನಿಲ್ಲಿಸಬೇಕು. ಸಿಪಿಬಿ ಹಣದ ದೊಡ್ಡ ಪಾಲು ನೇರವಾಗಿ ಸ್ಥಳೀಯ ಕೇಂದ್ರಗಳಿಗೆ ಹೋಗುತ್ತಿತ್ತು. ಎನ್‌ಎಸ್‌ಎಫ್ ಕೊಡುವುದು ಇಂಥ ಕಾರ್ಯಕ್ರಮಕ್ಕೆ ಅಂತ ಲೆಕ್ಕ ಹಾಕಿ. 2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ ವಾಪಸ್ ತೆಗೆದುಕೊಂಡದ್ದು ಸಿಪಿಬಿಗೆ ಮೀಸಲಿಟ್ಟಿದ್ದ ಹಣವನ್ನು. ಆ ಸುದ್ದಿಯನ್ನು 'ಪ್ರಾಯೋಜಕರು ಕೈಬಿಟ್ಟರು' ಅಂತ ಬರೆದರೆ, ಯಾವ ಹಣ ನಿಂತಿತು ಅನ್ನುವುದೇ ಓದುವವರಿಗೆ ಗೊತ್ತಾಗುವುದಿಲ್ಲ.