ಗೇರುಬೀಜ ಕಾರ್ಖಾನೆ: ಔಟ್‌ಟರ್ನ್ ಇಳಿದದ್ದು ಎಲ್ಲಿ?

ಔಟ್‌ಟರ್ನ್ ಅಂದರೆ ಒಂದು ಚೀಲ ಬೀಜದಲ್ಲಿ ಸಿಗುವ ಒಳ್ಳೆಯ ತಿರುಳಿನ ತೂಕ. ಜುಲೈಯಲ್ಲಿ ಇಡಿ ತಿರುಳು ಕಡಿಮೆಯಾಗಿ ತುಂಡು ಜಾಸ್ತಿಯಾಯಿತೆಂದರೆ, ಮಂಗಳೂರು–ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಮೊದಲು ಬೈಗುಳ ತಿನ್ನುವವರು ಕಟಿಂಗ್ (ಚಿಪ್ಪು ಒಡೆಯುವುದು), ಪೀಲಿಂಗ್ (ತಿರುಳಿನ ಪೊರೆ ಸುಲಿಯುವುದು) ಮಾಡುವ ಹೆಂಗಸರು. ಆಮೇಲೆ ಬೀಜ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವವನು. ಎಷ್ಟೋ ಸಲ ಆ ನಷ್ಟ ಕಂಟೇನರಿನ ಬಾಗಿಲು ತೆಗೆಯುವ ಮೊದಲೇ ಆಗಿಹೋಗಿರುತ್ತದೆ.

ನಮ್ಮೂರಿನ ಬೆಳೆ ಇಲ್ಲಿನ ಕಾರ್ಖಾನೆಗಳಿಗೆ ಸಾಲುವುದಿಲ್ಲ. ಐವರಿ ಕೋಸ್ಟ್, ಘಾನಾ, ಗಿನಿ ಬಿಸ್ಸಾವ್ ಕಡೆಯ ಬೀಜ ಬೇಕೇ ಬೇಕು. ಅಲ್ಲಿ ಕೊಯ್ಲು ಹೆಚ್ಚು ಕಡಿಮೆ ಫೆಬ್ರವರಿಯಿಂದ ಜೂನ್‌ವರೆಗೆ. ಬೇಗ ಹೊರಟ ಸರಕು ಮಳೆಗೆ ಮುಂಚೆ ಬಂದಿಳಿದು, ಅಂಗಳದಲ್ಲಿ ಎರಡು ಮೂರು ಬಿಸಿಲು ಕಂಡು ಗೋದಾಮು ಸೇರುತ್ತದೆ.

2023ರ ನವೆಂಬರಿನಿಂದ ಯೆಮೆನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುಮಾಡಿದರು. ಪಶ್ಚಿಮ ಆಫ್ರಿಕಾದ ಬೀಜ ಗುಡ್ ಹೋಪ್ ಭೂಶಿರ ಸುತ್ತಿ ಬರಬಹುದು, ನಮಗೇನು ಎಂದು ಅನ್ನಿಸುವುದು ಸಹಜ. ಆದರೆ ಯುರೋಪಿಗೆ ಹೋಗುವ ಹಡಗುಗಳೂ ಅದೇ ಸುತ್ತುದಾರಿ ಹಿಡಿದು, ಒಂದೊಂದು ಪ್ರಯಾಣಕ್ಕೆ ಹತ್ತು ಹದಿನಾಲ್ಕು ದಿನ ಹೆಚ್ಚು ತೆಗೆದುಕೊಂಡವು. ಹಡಗು, ಖಾಲಿ ಕಂಟೇನರು ಎರಡಕ್ಕೂ ಬರ ಬಂತು. 2024ರಲ್ಲಿ ಕೊಲಂಬೊ, ಸಿಂಗಾಪುರ ಬಂದರುಗಳಲ್ಲಿ ಸರಕು ಕಟ್ಟಿಕೊಂಡಿತು. ಅದೇ ವರ್ಷ ಏಪ್ರಿಲ್‌ನಿಂದ ಬೆನಿನ್ ದೇಶ ಹಸಿ ಬೀಜದ, ಅಂದರೆ ಚಿಪ್ಪು ಒಡೆಯದ ಬೀಜದ, ರಫ್ತನ್ನೇ ನಿಲ್ಲಿಸಿತು.

ಜನವರಿಯಲ್ಲಿ ಹದಿನೈದು ದಿನ ತಡವಾದರೆ ಬಡ್ಡಿ ಮಾತ್ರ ಹೋಗುತ್ತದೆ. ಮೇ 20ಕ್ಕೆ ಬರಬೇಕಾದದ್ದು ಜೂನ್ 5ಕ್ಕೆ ಬಂದರೆ ಬೀಜವೇ ಹೋಗುತ್ತದೆ. ಪಣಂಬೂರಿನಲ್ಲಿ ಇಳಿಸುವಾಗ ಮಳೆ, ಅಂಗಳವೆಲ್ಲ ನೀರು, ಗಾಳಿಯಲ್ಲೇ ತೇವ. ಹಸಿ ಬೀಜದ ತೇವಾಂಶ ಶೇ. 8ರ ಆಸುಪಾಸಿನಲ್ಲಿದ್ದರೆ ತಿಂಗಳುಗಟ್ಟಲೆ ಇಡಬಹುದು. ಶೇ. 10 ದಾಟಿದರೆ ಚೀಲದೊಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಅದರಲ್ಲೂ ಕಂಟೇನರಿನ ತಗಡು ರಾತ್ರಿ ತಣ್ಣಗಾದಾಗ ಒಳಗಿನ ಆವಿ ಛಾವಣಿಗೆ ಕಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಮಧ್ಯದ ಚೀಲ ಮಾತ್ರ ಚುಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಇಳಿಸಿದ ದಿನವೇ ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಬೇರೆ ಬೇರೆಯಾಗಿ ಮಾದರಿ ತೆಗೆಯಿರಿ. ಒಂದು ಕಿಲೋ ಬೀಜ ಎಣಿಸಿ, ಸೀಳಿ, ಒಳ್ಳೆಯ ತಿರುಳು, ಕಲೆ ಬಿದ್ದದ್ದು, ಬಿಸಾಡುವಂಥದ್ದು ಎಂದು ಬೇರ್ಪಡಿಸಿ ಪೊರೆಯ ಸಮೇತ ತೂಗಿ. ಒಳ್ಳೆಯದು 262 ಗ್ರಾಂ, ಕಲೆಯದ್ದು 16 ಗ್ರಾಂ ಎಂದುಕೊಳ್ಳಿ. ಕಲೆಯದರಲ್ಲಿ ಅರ್ಧ ಸೇರಿಸಿದರೆ 270. ಅದನ್ನು 0.1764ರಿಂದ ಗುಣಿಸಿದರೆ 80 ಕಿಲೋ ಚೀಲಕ್ಕೆ 47.6 ಪೌಂಡ್ ಔಟ್‌ಟರ್ನ್. ಒಂದೇ ಒಂದು ಪೌಂಡ್ ಇಳಿದರೂ 25 ಟನ್ನಿನಲ್ಲಿ ಸುಮಾರು 142 ಕಿಲೋ ತಿರುಳು ಹೋದ ಹಾಗೆ. ಈ ಅಂಕಿ ಪುಸ್ತಕದಲ್ಲಿ ಇಲ್ಲದಿದ್ದರೆ, ಸಮುದ್ರದಲ್ಲಿ ಹೋದದ್ದನ್ನೂ ಕಟಿಂಗ್ ಮೇಜಿನ ಲೆಕ್ಕಕ್ಕೇ ಬರೆಯುತ್ತೀರಿ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಇದು ನೇರವಾಗಿ ಸಂಬಳದ ಪೆಟ್ಟು. ಇದಕ್ಕಿಂತ ದೊಡ್ಡ ಅನ್ಯಾಯ ಈ ಉದ್ಯಮದಲ್ಲಿ ನನಗೆ ಕಂಡಿಲ್ಲ.

ಒದ್ದೆಯಾದ ಲಾಟನ್ನು (ಒಟ್ಟಿಗೆ ಬಂದ ಸರಕನ್ನು) ಒಣಗಿದ ಲಾಟಿನ ಜೊತೆ ಬೆರೆಸಿ ಬೇಯಿಸುವುದು ಮುಂದಿನ ಎಡವಟ್ಟು. ಒಂದೇ ಸ್ಟೀಮಿಂಗ್‌ನಲ್ಲಿ ತೇವದ ಬೀಜ ಚಿಪ್ಪಿಗೆ ಅಂಟಿಕೊಳ್ಳುತ್ತದೆ, ಒಣಗಿದ್ದು ಪುಡಿಯಾಗುತ್ತದೆ. ಲಾಟು ಬೇರೆ ಇಟ್ಟು ಸಮಯವನ್ನೂ ಬೇರೆ ಗೊತ್ತುಮಾಡಿ. ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿಗೂಡಿನಿಂದ) ಹೊರಬಂದು ಪೀಲಿಂಗ್ ಆದ ತಿರುಳು ಮಳೆಗಾಲದ ಗಾಳಿಗೆ ತೆರೆದಿಟ್ಟರೆ ಮತ್ತೆ ತೇವ ಎಳೆಯುತ್ತದೆ. ಪ್ಯಾಕಿಂಗ್‌ಗೆ ಮಿತಿ ಶೇ. 5. ಗ್ರೇಡಿಂಗ್ ಕೋಣೆಯಲ್ಲಿ ತೇವಮಾಪಕ ಇಲ್ಲದ ಕಾರ್ಖಾನೆ ಜೂನ್–ಸೆಪ್ಟೆಂಬರ್ ಪೂರ್ತಿ ಕಣ್ಣಂದಾಜಿನಲ್ಲೇ ನಡೆಯುತ್ತದೆ.

ಇನ್ನು ಹಣದ ವಿಚಾರ. 90 ದಿನದ ಎಲ್‌ಸಿ (ಮಾರುವವನಿಗೆ ಬ್ಯಾಂಕ್ ಕೊಡುವ ಪಾವತಿ ಭರವಸೆ ಪತ್ರ) ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹತ್ತಿಸಿದ ರಸೀದಿ) ತಾರೀಖಿನಿಂದ ಓಡುವಂತಿದ್ದರೆ, ಹಡಗಿನಲ್ಲಿ 30 ದಿನ ಹೋದಾಗ ಒಡೆದು, ಸುಲಿದು, ಮಾರಲು 60 ದಿನ ಸಿಗುತ್ತದೆ. 45 ಹೋದರೆ 45 ದಿನವೇ. ಕೈಸಾಲ ತಪ್ಪಿಸಲು ಡಬ್ಲ್ಯೂ 240, ಡಬ್ಲ್ಯೂ 320 ದರ್ಜೆಯ ಇಡಿ ತಿರುಳನ್ನು ಸಿಕ್ಕ ದರಕ್ಕೆ ಬಿಡುವುದು ಆಗಲೇ. ಒಂದು ಕೋಟಿ ರೂಪಾಯಿ ಸರಕಿಗೆ ಶೇ. 10ರಂತೆ 14 ದಿನದ ಬಡ್ಡಿ ಸುಮಾರು 38 ಸಾವಿರ. ಅವಸರದ ಮಾರಾಟದಲ್ಲಿ ಕಿಲೋಗೆ ಹತ್ತು ರೂಪಾಯಿ ಬಿಟ್ಟರೂ ಒಂದು ಕಂಟೇನರ್ ತಿರುಳಿಗೆ, ಅಂದರೆ 700 ಪೆಟ್ಟಿಗೆಗೆ, ಒಂದೂವರೆ ಲಕ್ಷ ಮೀರುತ್ತದೆ. ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಸರಕಿಗೆ ಸುಂಕವನ್ನು ಶೇ. 50ಕ್ಕೆ ಏರಿಸಿದಾಗಲೂ, ಹೆಚ್ಚುವರಿ ಸುಂಕ ಯಾರ ತಲೆಗೆ ಎಂದು ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳದಿದ್ದವರಿಗೆ ಚೌಕಾಸಿಗೆ ಜಾಗ ಕಡಿಮೆ ಉಳಿಯಿತು.

ಒಪ್ಪಂದದಲ್ಲಿ ಇಳಿದ ಬಂದರಿನ ಪರೀಕ್ಷೆಯೇ ಅಂತಿಮ ಎಂದಿರಲಿ. ಕ್ರಾಫ್ಟ್ ಕಾಗದದ ಹೊದಿಕೆ, ತೇವ ಹೀರುವ ಚೀಲಗಳನ್ನು ಮಾರುವವನ ಜವಾಬ್ದಾರಿಗೆ ಹಾಕಿ. ವಿಮೆಯಲ್ಲಿ ಯುದ್ಧದ ಅಪಾಯಕ್ಕೆ ಪ್ರತ್ಯೇಕ ಕರಾರು ಬೇಕು. ಬರೀ ತಡವಾದದ್ದರಿಂದ ಆದ ನಷ್ಟವನ್ನು ಸಾಮಾನ್ಯ ಸರಕು ವಿಮೆ ಕೊಡುವುದಿಲ್ಲ. ಛಾವಣಿಯಿಂದ ತೊಟ್ಟಿಕ್ಕಿದ ನೀರಿಗೆ ಪೂರ್ಣ ವಿಮೆಯಲ್ಲಿ ಕೇಳಬಹುದು, ಆದರೆ ತುಂಬುವಾಗಲೇ ಬೀಜದಲ್ಲಿ ತೇವ ಹೆಚ್ಚಿತ್ತೆಂದು ಕಂಪನಿ ವಾದಿಸುತ್ತದೆ. ಆ ವಾದಕ್ಕೆ ಉತ್ತರ ಹಡಗು ಹತ್ತಿಸುವಾಗಿನ ತೇವಾಂಶ ಪತ್ರ. ಅದನ್ನು ತರಿಸಿಟ್ಟುಕೊಳ್ಳಿ. ಚೀಲ ಇಳಿಸುವ ಮೊದಲೇ ಸೀಲು, ಛಾವಣಿ, ಮೇಲಿನ ಸಾಲಿನ ಫೋಟೋ ತೆಗೆದು ವಿಮೆಯ ಸರ್ವೇಯರ್‌ಗೆ (ನಷ್ಟ ಪರಿಶೀಲಿಸುವವನಿಗೆ) ಹೇಳಿಕಳಿಸಿ.