ನೀರೋಗೆ ಎಷ್ಟು ಮುಖ?

ಹೋದ ತಿಂಗಳು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಎರಡು ಬೆಳ್ಳಿ ನಾಣ್ಯ ತಂದು ನನ್ನ ಮೇಜಿನ ಮೇಲಿಟ್ಟರು. ಜರ್ಮನಿಯಲ್ಲಿರುವ ಮಗ ಅಪ್ಪನ ಹವ್ಯಾಸಕ್ಕೆಂದು ಎರಡು ಬೇರೆ ಬೇರೆ ಹರಾಜಿನಲ್ಲಿ ಕೊಂಡುಕೊಟ್ಟದ್ದಂತೆ. ಎರಡರ ಚೀಟಿಯಲ್ಲೂ ‘ನೀರೋ, ಡಿನೇರಿಯಸ್’ ಎಂದೇ ಇತ್ತು, ಅಂದರೆ ರೋಮಿನ ಚಕ್ರವರ್ತಿ ನೀರೋನ ಬೆಳ್ಳಿ ನಾಣ್ಯ. “ಸಾರ್, ಇದರಲ್ಲಿ ಒಂದಂತೂ ಡೂಪ್ಲಿಕೇಟು. ಯಾವುದು ಅಂತ ನೀವು ಹೇಳಬೇಕು” ಅಂದರು.

ಅವರಿಗೆ ಹಾಗನ್ನಿಸಿದ್ದರಲ್ಲಿ ತಪ್ಪಿಲ್ಲ. ಒಂದರಲ್ಲಿರುವವನು ಮೀಸೆ ಚಿಗುರದ ಹುಡುಗ. ತೆಳ್ಳಗಿನ ಕತ್ತು, ಪುಟ್ಟ ಗಲ್ಲ. ಇನ್ನೊಂದರಲ್ಲಿ ಗದ್ದ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಯಿತೆಂದು ಗೊತ್ತಾಗದ ದಢೂತಿ ಆಸಾಮಿ. ತಕ್ಕಡಿಗೆ ಹಾಕಿದರೆ ಹುಡುಗ 3.52 ಗ್ರಾಂ, ದಢೂತಿ 3.18 ಗ್ರಾಂ. “ನೋಡಿದ್ರಾ? ಮುಖವೂ ಬೇರೆ, ತೂಕವೂ ಕಡಿಮೆ!” ಸಹಿ ತಾಳೆಯಾಗದಿದ್ದರೆ ಚೆಕ್ಕನ್ನು ವಾಪಸ್ ಕಳಿಸಿದ ಕೈ ಅದು, ಸುಮ್ಮನಿರುತ್ತದೆಯೇ?

ಎರಡೂ ಅಸಲಿ. ನಡುವೆ ಇರುವುದು ಹತ್ತು ಹದಿನೈದು ವರ್ಷ, ಅಷ್ಟೆ.

ಹುಡುಗನ ನಾಣ್ಯ ಮುದ್ರೆಯಾದಾಗ ನೀರೋ ಇನ್ನೂ ಚಕ್ರವರ್ತಿಯೇ ಅಲ್ಲ. ಕ್ರಿ.ಶ. 50ರಲ್ಲಿ ಆಗಿನ ಚಕ್ರವರ್ತಿ ಕ್ಲಾಡಿಯಸ್ ಅವನನ್ನು ದತ್ತು ತೆಗೆದುಕೊಂಡ. ಮನೆಯಲ್ಲಿ ಸ್ವಂತ ಮಗ ಬ್ರಿಟಾನಿಕಸ್ ಇದ್ದರೂ ಹೆಂಡತಿಯ ಮಗನೇ ಉತ್ತರಾಧಿಕಾರಿ ಎಂದು ನಾಲ್ಕು ಜನಕ್ಕೆ ತಿಳಿಯಬೇಕಿತ್ತು, ತಿಳಿಸುವ ಕೆಲಸ ನಾಣ್ಯಕ್ಕೆ ಬಿತ್ತು. ಹಿಂಬದಿಯಲ್ಲಿ ಸೌಟು, ಮುಕ್ಕಾಲಿ, ಪುರೋಹಿತರ ಡೊಂಕು ಕೋಲು, ಬಟ್ಟಲು, ಅಂದರೆ ಹುಡುಗನನ್ನು ಪುರೋಹಿತ ಮಂಡಲಿಗಳಿಗೆ ಸೇರಿಸಿಕೊಂಡ ಸುದ್ದಿ. ಎರಡನೆಯ ನಾಣ್ಯ 64ರ ನಂತರದ್ದು. ಹಿಂಬದಿಯಲ್ಲಿ ಸಿಡಿಲು ಹಿಡಿದು ಕೂತ ಜೂಪಿಟರ್, ಪಕ್ಕದಲ್ಲಿ ‘ಕಾಪಾಡುವವನು’ ಎಂಬರ್ಥದ ಲ್ಯಾಟಿನ್ ಬರಹ. 65ರಲ್ಲಿ ನೀರೋನನ್ನು ಕೊಲ್ಲುವ ಸಂಚೊಂದು ಬಯಲಾಗಿತ್ತು, ಬದುಕಿಕೊಂಡದ್ದಕ್ಕೆ ದೇವರಿಗೆ ಈ ಕೃತಜ್ಞತೆ. ತೂಕ ಇಳಿದದ್ದಕ್ಕೂ ಅವನೇ ಹೊಣೆ. 64ರ ಸುಮಾರಿಗೆ ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84ರ ಬದಲು 96 ಡಿನೇರಿಯಸ್ ಹೊಡೆಯಲು ಆಜ್ಞೆಯಾಯಿತು. ಹಾಗಾಗಿ ನಮ್ಮ ದಢೂತಿ ಹಗುರಾಗಿರಲೇಬೇಕು. 3.6 ಗ್ರಾಂ ತೂಗಿದ್ದರೆ ನಾನು ಹುಬ್ಬೇರಿಸುತ್ತಿದ್ದೆ.

ಈ ನಡುವಿನ ವರ್ಷಗಳ ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮನೆಯ ಕಥೆಯೇ ತೆರೆದುಕೊಳ್ಳುತ್ತದೆ. 54ರಲ್ಲಿ, ಹದಿನಾರರ ನೀರೋ ಪಟ್ಟಕ್ಕೇರಿದ ಹೊಸದರಲ್ಲಿ, ಮುಂಬದಿಯಲ್ಲಿ ತಾಯಿ ಅಗ್ರಿಪ್ಪಿನಾ ಮತ್ತು ಮಗ ಎದುರುಬದುರು. ಸುತ್ತ ಬರೆದಿರುವುದು ತಾಯಿಯ ಹೆಸರು, ಮಗನದು ಹಿಂಬದಿಗೆ ಹೋಗಿದೆ. 55ರಲ್ಲಿ ಇಬ್ಬರೂ ಒಂದೇ ಕಡೆ ಮುಖ ಮಾಡಿದ್ದಾರೆ, ಮಗ ಮುಂದೆ, ತಾಯಿ ಅವನ ಹಿಂದೆ ಮರೆಯಲ್ಲಿ. ಹೆಸರುಗಳೂ ಅದಲುಬದಲು. ಆಮೇಲೆ ರೋಮಿನ ನಾಣ್ಯಗಳಲ್ಲಿ ಅಗ್ರಿಪ್ಪಿನಾ ಇಲ್ಲ. 59ರಲ್ಲಿ ಮಗನೇ ಅವಳನ್ನು ಕೊಲ್ಲಿಸಿದ. ಅಲ್ಲಿಂದಾಚೆಗೆ ನೀರೋನ ಮುಖ ತುಂಬುತ್ತಾ ಹೋಗಿ, ಕೊನೆಯ ನಾಲ್ಕು ವರ್ಷಗಳಲ್ಲಿ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಹಣೆಯ ಮೇಲೆ ಏರುತ್ತದೆ. ಇತಿಹಾಸಕಾರ ಸುಎಟೋನಿಯಸ್ ಕೂಡ ಅವನ ದಪ್ಪ ಕತ್ತು, ಸಾಲುಸಾಲಾಗಿ ತಿದ್ದಿದ ಕೂದಲಿನ ಬಗ್ಗೆ ಬರೆದಿದ್ದಾನೆ. ನನಗೆ ಸೋಜಿಗವೆನ್ನಿಸುವುದು ಬೇರೆ: ನಾಣ್ಯದ ಮೇಲೆ ತನ್ನನ್ನು ಇಷ್ಟು ದಪ್ಪಗೆ ತೋರಿಸಬೇಡಿ ಎಂದು ಆತ ಹೇಳಲೇ ಇಲ್ಲ! ಆ ಗಾತ್ರ ಅವನ ಕಣ್ಣಿಗೆ ವೈಭವವಾಗಿ ಕಂಡಿರಬೇಕು.

ಆದರೆ ವಯಸ್ಸಿನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಸತ್ತದ್ದು ಎಪ್ಪತ್ತೈದು ದಾಟಿ, ನಾಣ್ಯಗಳಲ್ಲಿ ಮಾತ್ರ ಕೊನೆಯವರೆಗೂ ಇಪ್ಪತ್ತೈದರ ಚೆಲುವ. ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ಹಿಂಬದಿಯಲ್ಲಿ ಗುರಾಣಿ ಹಿಡಿದು ನಿಂತ ಆ ಹೆಸರುವಾಸಿ ಡಿನೇರಿಯಸ್ ಬಂದದ್ದು ಅವನಿಗೆ ಅರವತ್ತು ಕಳೆದ ಮೇಲೆ. ಮುಂಬದಿಯ ಅಜ್ಜನಿಗೆ ಒಂದು ಸುಕ್ಕೂ ಇಲ್ಲ. ಅವನಿಗಿಂತ ಮೊದಲು, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರ್ ಬದುಕಿರುವಾಗಲೇ ತನ್ನ ಮುಖವನ್ನು ರೋಮಿನ ನಾಣ್ಯಕ್ಕೆ ಹಾಕಿಸಿದಾಗ ಕತ್ತಿನ ಸುಕ್ಕುಗಳು ಹಾಗೇ ಇದ್ದವು. ಒಂದು ಪೀಳಿಗೆಯಲ್ಲಿ ಅಭಿರುಚಿ ಅಷ್ಟು ತಿರುಗಿತ್ತು.

ಇನ್ನು ಟಂಕಸಾಲೆಯ ಒಳಗೆ ಹೋಗೋಣ, ಏಕೆಂದರೆ ವ್ಯತ್ಯಾಸಗಳಲ್ಲಿ ಅರ್ಧದಷ್ಟು ಹುಟ್ಟುವುದು ಅಲ್ಲೇ. ಹದಿನೆಂಟು ಮಿಲಿಮೀಟರ್ ಅಗಲದ ಡಿನೇರಿಯಸ್ಸಿಗೆ ಅಚ್ಚು ಕೊರೆಯುವವನು ಲೋಹದ ಮುಖದಲ್ಲಿ ಚಕ್ರವರ್ತಿಯನ್ನು ತಿರುಗುಮುರುಗಾಗಿ, ಒಳಗೆ ತಗ್ಗಾಗಿ ಕೆತ್ತಬೇಕು. ನಾಣ್ಯದಲ್ಲಿ ಉಬ್ಬುವ ಕೆನ್ನೆ, ಅಚ್ಚಿನಲ್ಲಿ ಹಳ್ಳ. ಮುಖವಿರುವ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಕಾಯಿಸಿದ ಬೆಳ್ಳಿಬಿಲ್ಲೆಯನ್ನು ಮೇಲಿಟ್ಟು, ಹಿಂಬದಿಯ ಅಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆಯಿಂದ ಒಂದು ಏಟು. ಒಂದು ಅಚ್ಚಿಗೆ ಸಾವಿರಾರು ನಾಣ್ಯ ಬಂದಾವು. ಅಷ್ಟರಲ್ಲಿ ಅದು ಬಿರುಕು ಬಿಡುತ್ತದೆ ಇಲ್ಲವೇ ಸವೆಯುತ್ತದೆ. ಮತ್ತೊಂದನ್ನು ಮತ್ತೊಬ್ಬ ಕೊರೆಯುತ್ತಾನೆ. ಒಂದೇ ತಿಂಗಳಲ್ಲಿ, ಒಂದೇ ಮಾದರಿ ನೋಡಿಕೊಂಡು, ಅಕ್ಕಪಕ್ಕ ಕೂತು ಕೊರೆದರೂ ಒಬ್ಬನ ಕೈಯಲ್ಲಿ ಮೂಗು ಗಿಣಿಮೂಗಾಗುತ್ತದೆ, ಇನ್ನೊಬ್ಬನ ಕೈಯಲ್ಲಿ ಮೊಂಡಾಗುತ್ತದೆ. ಒಬ್ಬನೇ ಕಲಾವಿದ ಮಾಡಿದ ಎರಡು ಗಣೇಶನ ಸೊಂಡಿಲು ಒಂದೇ ಥರ ಇರುತ್ತದೆಯೇ? ಹಾಗೆ.

ಆದ್ದರಿಂದ ನನ್ನ ಭಯ ಗಿರಾಕಿಗಳ ಭಯಕ್ಕೆ ತದ್ವಿರುದ್ಧ. ಮುಖಗಳು ಬೇರೆ ಬೇರೆಯಾಗಿದ್ದರೆ ನನಗೆ ನೆಮ್ಮದಿ. ಮೂರು ನಾಣ್ಯಗಳಲ್ಲಿ ಮುಖವೂ ಅದೇ, ಮೂಗಿನ ತುದಿಯ ಗೀರೂ ಅದೇ, ಅಂಚಿನಲ್ಲಿ ಬಿಲ್ಲೆ ಸೀಳಿದ ಜಾಗವೂ ಅದೇ ಆಗಿದ್ದರೆ ಎದೆ ಧಸಕ್ಕೆನ್ನುತ್ತದೆ. ಒಂದೇ ಅಚ್ಚಿನಿಂದ ಬಂದ ನಾಣ್ಯಗಳ ಮುಖ ಒಂದೇ ಆಗಿರಬಹುದು. ಆದರೆ ಬಿಲ್ಲೆ ಬೇರೆ ಬೇರೆ ತಾನೇ? ಅಂಚಿನ ಸೀಳು ಎಲ್ಲದರಲ್ಲೂ ಒಂದೇ ಕಡೆ ಬರುವುದಿಲ್ಲ. ಬಂದಿದ್ದರೆ ಅದು ಒಂದು ಅಸಲಿಯಿಂದ ಎರಕ ಹೊಯ್ದ ಮರಿಗಳ ಸಂಸಾರ.

ದೂರದ ಟಂಕಸಾಲೆಗಳ ಮಾತು ಇನ್ನೂ ಸ್ವಾರಸ್ಯ. ಹೊಸ ಚಕ್ರವರ್ತಿಯ ಹೆಸರು ಕುದುರೆಯ ಮೇಲೆ ವಾರಗಳಲ್ಲಿ ತಲುಪುತ್ತದೆ. ಅವನ ಮುಖ ತಲುಪಬೇಕಲ್ಲ! 69ರಲ್ಲಿ ಒಂದೇ ವರ್ಷದಲ್ಲಿ ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಜನ ಆಳಿದಾಗ ಅಚ್ಚು ಕೊರೆಯುವವರ ಪಾಡು ಏನಾಗಿರಬೇಡ. ಕೊನೆಗೆ ಗೆದ್ದು ಉಳಿದ ವೆಸ್ಪಾಸಿಯನ್ನನ ಆರಂಭದ ಕೆಲವು ನಾಣ್ಯಗಳಲ್ಲಿ ಅವನಿಂದ ಸೋತ ವಿಟೆಲಿಯಸ್ಸನ ಛಾಯೆ ಕಾಣುತ್ತದೆ. ಮೂರು ತಿಂಗಳು ಮಾತ್ರ ಆಳಿದ ಓಥೋನದು ಇನ್ನೊಂದು ಬಗೆ. ಅವನು ಟೋಪನ್ ಹಾಕುತ್ತಿದ್ದ. ಅದು ಎಷ್ಟು ಚೆನ್ನಾಗಿ ಕೂರುತ್ತಿತ್ತೆಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಸುಎಟೋನಿಯಸ್ ಬರೆಯುತ್ತಾನೆ. ರೋಮಿನ ಅಚ್ಚು ಕೊರೆಯುವವನಿಗೆ ಮಾತ್ರ ಗೊತ್ತಾಗಿತ್ತು. ಡಿನೇರಿಯಸ್ಸಿನಲ್ಲಿ ಕೂದಲು ಉತ್ತ ಗದ್ದೆಯ ಸಾಲಿನಂತೆ ಕೂತಿದೆ.

ಈ ವಿಷಯದಲ್ಲಿ ನನ್ನ ಅಚ್ಚುಮೆಚ್ಚಿನವನು ಮ್ಯಾಕ್ಸಿಮಿನಸ್. 235ರಲ್ಲಿ ರೈನ್ ನದಿಯ ಗಡಿಯಲ್ಲಿ ಸೈನಿಕರು ತರುಣ ಚಕ್ರವರ್ತಿ ಸೆವೆರಸ್ ಅಲೆಕ್ಸಾಂಡರನನ್ನು ಕೊಂದು ಈ ಸೇನಾನಿಯನ್ನು ಪಟ್ಟಕ್ಕೇರಿಸಿದರು. ರೋಮಿನ ಟಂಕಸಾಲೆಗೆ ಹೆಸರು ಬಂತು, ಬೆಳ್ಳಿ ಇತ್ತು, ಸೈನಿಕರ ಸಂಬಳಕ್ಕೆ ಹಣ ಬೇಕಿತ್ತು. ಮುಖ ಮಾತ್ರ ಇರಲಿಲ್ಲ. ಮೊದಲ ನಾಣ್ಯಗಳನ್ನು ನೋಡಿ: ಹೆಸರು ಮ್ಯಾಕ್ಸಿಮಿನಸ್, ಮುಖದ ಕಳೆ ಸತ್ತ ಅಲೆಕ್ಸಾಂಡರನದು, ಸ್ವಲ್ಪ ವಯಸ್ಸು ಏರಿಸಿದಂತೆ. ಕೈಗೆ ರೂಢಿಯಾದ ಮುಖವನ್ನೇ ತಿದ್ದಿ ಕೆಲಸ ಸಾಗಿಸಿದ್ದಾರೆ. ನಂತರ ನಿಜವಾದ ಮಾದರಿ ಯಾವುದೋ ಬಂದಿರಬೇಕು. ಒಮ್ಮೆಗೇ ಗದ್ದ ಮುಂದಕ್ಕೆ ಚಾಚಿ, ಹುಬ್ಬಿನ ಮೂಳೆ ಉಬ್ಬಿ, ಮೂಗು ಕೆಳಗಿಳಿದು, ಎದುರಿಗೆ ನಿಂತರೆ ಎರಡು ಹೆಜ್ಜೆ ಹಿಂದೆ ಸರಿಯಬೇಕೆನಿಸುವ ಮನುಷ್ಯ ಪ್ರತ್ಯಕ್ಷನಾಗುತ್ತಾನೆ. 236ರಿಂದ ಹೆಸರಿನ ಕೊನೆಗೆ ‘ಜರ್ಮನರನ್ನು ಗೆದ್ದವನು’ ಎಂಬ ಬಿರುದಿನ ನಾಲ್ಕು ಅಕ್ಷರ ಸೇರಿಕೊಳ್ಳುತ್ತವೆ. ಹಾಗಾಗಿ ಮುಖ ಬದಲಾದ ಕಾಲವನ್ನು ಬರಹದೊಂದಿಗೆ ತಾಳೆ ನೋಡಬಹುದು. 238ರಲ್ಲಿ ಅವನ ಸೈನಿಕರೇ ಅವನನ್ನು ಕೊಂದರು. ಅಲ್ಲಿಯವರೆಗೆ ಆತ ಚಕ್ರವರ್ತಿಯಾಗಿ ರೋಮಿಗೆ ಕಾಲಿಟ್ಟಿರಲೇ ಇಲ್ಲ. ಲಕ್ಷಾಂತರ ಸಲ ಅವನನ್ನು ಮುದ್ರಿಸಿದ ಊರು ಅವನನ್ನು ನೋಡಲಿಲ್ಲ.

ಮುಂದೆ ಡಯೋಕ್ಲಿಷಿಯನ್ನನ ಕಾಲಕ್ಕೆ ಮುಖ ಹೋಲಬೇಕೆಂಬ ಆಸೆಯೇ ಹೋಯಿತು. 293ರಿಂದ ಆಳುವವರು ನಾಲ್ವರು, ನಾಲ್ವರಿಗೂ ಚೌಕಾಕಾರದ ತಲೆ, ಕುರುಚಲು ಗಡ್ಡ, ಗಡಸು ಕತ್ತು. ವೆನಿಸ್ಸಿನ ಸಂತ ಮಾರ್ಕನ ಚರ್ಚಿನ ಮೂಲೆಯಲ್ಲಿ ಇಬ್ಬಿಬ್ಬರಾಗಿ ತಬ್ಬಿಕೊಂಡು ನಿಂತ ಕೆಂಗಲ್ಲಿನ ಆ ನಾಲ್ವರಲ್ಲಿ ಯಾರು ಯಾರೆಂದು ಬೇರೆ ಮಾಡಲು ಹೋಗಿ ನೋಡಿ, ನಾಣ್ಯ ಹಿಡಿದವನ ಕಷ್ಟ ಗೊತ್ತಾಗುತ್ತದೆ. ಇಲ್ಲಿ ಲೆಕ್ಕವೇ ತಲೆಕೆಳಗು: ಅಲೆಕ್ಸಾಂಡ್ರಿಯಾದಲ್ಲಿ ಮುದ್ರೆಯಾದ ಡಯೋಕ್ಲಿಷಿಯನ್, ಟ್ರಿಯರಿನಲ್ಲಿ ಮುದ್ರೆಯಾದ ಡಯೋಕ್ಲಿಷಿಯನ್ನನಿಗಿಂತ ಅಲೆಕ್ಸಾಂಡ್ರಿಯಾದ್ದೇ ಆದ, ನಾಲ್ವರಲ್ಲಿ ಇನ್ನೊಬ್ಬನಾದ ಗ್ಯಾಲೇರಿಯಸ್ಸನನ್ನು ಹೆಚ್ಚು ಹೋಲುತ್ತಾನೆ. ಆ ಮುಖ ಯಾವ ರಾಜನದು ಎನ್ನುವುದಕ್ಕಿಂತ ಯಾವ ಊರಿನದು ಎಂದು ಹೇಳುವುದು ಸುಲಭ. ಯಾರೆಂದು ತಿಳಿಯಲು ಬರಹ ಓದಲೇಬೇಕು.

ಬರಹವೂ ಕೈಕೊಡುವ ಒಂದು ಕಡೆ ಇದೆ, ಹೊಸಬರು ಅಲ್ಲೇ ಎಡವುವುದು. ಕ್ಯಾರಕಲ್ಲಾ, ಎಲಗಾಬಲಸ್ ಎಂದು ಇಬ್ಬರು ಚಕ್ರವರ್ತಿಗಳನ್ನು ನಾವು ಕರೆಯುವುದು ಅಡ್ಡಹೆಸರುಗಳಿಂದ. ಇಬ್ಬರ ಅಧಿಕೃತ ಹೆಸರೂ ಮಾರ್ಕಸ್ ಆರೇಲಿಯಸ್ ಆಂಟೊನೈನಸ್. ನಾಣ್ಯದಲ್ಲಿ ಇಬ್ಬರೂ ‘ಆಂಟೊನೈನಸ್ ಪಯಸ್’. ಇಲ್ಲಿ ಮುಖವೇ ಗತಿ. ಕ್ಯಾರಕಲ್ಲಾ ಎಂಟರ ಬಾಲಕನಾಗಿ ಬಂದು, ಕೆನ್ನೆಯಲ್ಲಿ ಕೂದಲು ಮೂಡಿ, 211ರಲ್ಲಿ ತಮ್ಮ ಗೇಟಾನನ್ನು ಕೊಲ್ಲಿಸಿದ ಹೊತ್ತಿಗೆ ಹಣೆ ಗಂಟಿಕ್ಕಿದ ಗಡ್ಡಧಾರಿಯಾಗಿರುತ್ತಾನೆ. ಎಲಗಾಬಲಸ್ ಸಿರಿಯಾದಿಂದ ಬಂದ ಹುಡುಗ, ತುಟಿ ದಪ್ಪ. ಅವನ ನಾಣ್ಯಗಳಲ್ಲಿ ಅನೇಕದರ ಹಿಂಬದಿಯಲ್ಲಿ ಒಂದು ನಕ್ಷತ್ರವೂ ಇರುತ್ತದೆ. ಕೊನೆಯ ದಿನಗಳ ಕೆಲವು ನಾಣ್ಯಗಳಲ್ಲಿ ಹಣೆಯ ಮೇಲೆ ಕೊಂಬಿನಂಥದ್ದೊಂದು ಬೇರೆ.

ಕಿರೀಟದ ಬಗ್ಗೆ ಒಂದೇ ಮಾತು. ತಲೆಯ ಸುತ್ತ ಸೂರ್ಯನ ಮೊನೆಗಳಿದ್ದರೆ ಚಕ್ರವರ್ತಿ ಹೊಸ ಕಿರೀಟ ಮಾಡಿಸಿದ ಎಂದುಕೊಳ್ಳಬೇಡಿ, ಅದು ಬೆಲೆಯ ಗುರುತು. ಅದೇ ಮುಖಕ್ಕೆ ಮೊನೆಕಿರೀಟ ಬಂದರೆ ಒಂದರ ಬದಲು ಎರಡರ ಬೆಲೆ.

ಮುಖ ನೋಡಿ ನಾನೇ ಮೋಸಹೋದದ್ದುಂಟು. ಬಹಳ ವರ್ಷಗಳ ಹಿಂದೆ ಹೇಡ್ರಿಯನ್ನನ ಹಿತ್ತಾಳೆಯ ಸೆಸ್ಟರ್ಷಿಯಸ್ ಒಂದನ್ನು ಕೈತುಂಬ ದುಡ್ಡು ಕೊಟ್ಟು ಕೊಂಡಿದ್ದೆ. ಗಡ್ಡ ಬಿಟ್ಟು ಅದನ್ನೇ ಫ್ಯಾಷನ್ ಮಾಡಿದ ಮೊದಲ ಚಕ್ರವರ್ತಿ ಆತ, ಆ ನಾಣ್ಯದಲ್ಲಿ ಗಡ್ಡದ ಒಂದೊಂದು ಸುರುಳಿಯೂ ಎಣಿಸುವ ಹಾಗಿತ್ತು. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಕಂಡದ್ದು: ಸುತ್ತಲಿನ ಅಕ್ಷರಗಳೆಲ್ಲ ಸವೆದು ಸಾಬೂನಿನಂತಾಗಿವೆ. ಸಾವಿರಾರು ಕೈ ದಾಟಿ ಅಕ್ಷರ ಸವೆದ ನಾಣ್ಯದಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿರುವ ಕೆನ್ನೆಯ ಗಡ್ಡ ಹೇಗೆ ಉಳಿಯಿತು? ಉಳಿದಿರಲಿಲ್ಲ. ಯಾರೋ ಉಳಿ ಹಿಡಿದು ಮತ್ತೆ ಕೊರೆದಿದ್ದರು. ಸುರುಳಿಗಳ ನಡುವಿನ ಗೀರಿನಲ್ಲಿ ಹಳೆಯ ಲೋಹದ ಕಂದು ಪದರವೇ ಇಲ್ಲ. ನಾಣ್ಯ ಅಸಲಿ, ಮುಖ ನಕಲಿ. ಅದನ್ನು ಮಾರಲಿಲ್ಲ. ಮೇಜಿನ ಖಾನೆಯಲ್ಲಿದೆ, ಕಲಿಯಲು ಬಂದವರಿಗೆ ತೋರಿಸುತ್ತೇನೆ.

ಈ ಮುಖಗಳು ನಮ್ಮ ನೆಲಕ್ಕೂ ಬಂದಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಬೆಳ್ಳಿ ಡಿನೇರಿಯಸ್ಸುಗಳ ರಾಶಿಯೇ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸ್ ಸಿಕ್ಕಿದ್ದಾರೆ. ದಕ್ಷಿಣ ಭಾರತದಲ್ಲಿ ರೋಮನ್ ಚಿನ್ನದ ನಾಣ್ಯ ನೋಡಿಕೊಂಡು ಇಲ್ಲಿನವರೇ ಹೊಡೆದ ಅನುಕರಣೆಗಳೂ ಇವೆ. ಅವನ್ನು ಕೊರೆದವನು ಚಕ್ರವರ್ತಿಯನ್ನೂ ಕಂಡಿಲ್ಲ, ಲ್ಯಾಟಿನ್ನೂ ಓದಿಲ್ಲ. ಅಕ್ಷರಗಳು ಗೆರೆ, ಸೊನ್ನೆಗಳ ಸಾಲಾಗಿವೆ. ಎಲೆಯ ಕಿರೀಟ ಚುಕ್ಕಿಗಳಾಗಿದೆ. ಅಂಥವನ್ನು ‘ಒರಟು ಕೆಲಸ’ ಎಂದು ಪಟ್ಟಿಗಳಲ್ಲಿ ಬರೆದುಬಿಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಮ್ಯಾಕ್ಸಿಮಿನಸ್ಸನ ಮೊದಲ ನಾಣ್ಯ ಕೊರೆದ ರೋಮಿನವನು ಮಾಡಿದ್ದೂ ಇದನ್ನೇ ಅಲ್ಲವೇ, ಕಣ್ಣ ಮುಂದಿದ್ದ ಹಳೆಯ ನಾಣ್ಯ ನೋಡಿ ಹೊಸದನ್ನು ಕೊರೆದದ್ದು?

ಬ್ಯಾಂಕಿನವರಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು. ಹುಡುಗನದಕ್ಕೆ ‘50–54’, ದಢೂತಿಯದಕ್ಕೆ ‘64–68’ ಎಂದು ಹೊಸ ಚೀಟಿ ಬರೆದು ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿ, “ನಡುವಿನದು ಒಂದು ಸಿಗುತ್ತಾ ಸಾರ್?” ಎಂದರು. ಸಿಗುತ್ತದೆ, ಆದರೆ ತೂಕ ಇಳಿಸುವುದಕ್ಕೆ ಮುಂಚಿನ ವರ್ಷಗಳ ನೀರೋ ಡಿನೇರಿಯಸ್ ಕಡಿಮೆ, ರೇಟೂ ಜಾಸ್ತಿ ಎಂದೆ. ಅವರು ಆಗಲೇ ಮಗನಿಗೆ ಫೋನ್ ಹಚ್ಚುತ್ತಿದ್ದರು.