ಒಂದು ಮಾರು ಕಡಲು

ಮಲ್ಪೆ ಬಂದರಿನಲ್ಲಿ ಕಾರ್ಗಿಲ್ ಮೀನಿನ ಹೆಸರೆತ್ತಿದರೆ ಮೀನುಗಾರರ ಮುಖ ಸಿಂಡರಿಸುತ್ತದೆ. ಬಂದರೆ ಬಲೆ ತುಂಬ ಬರುತ್ತದೆ, ಕೊಳ್ಳುವವರು ಕಡಿಮೆ, ಬಹುಪಾಲು ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಪಾಲು. ಕಡುನೀಲಿ ಮೈ, ಬಿದಿಗೆಯ ಚಂದ್ರನಂಥ ಬಾಲ, ಬಾಯಿ ತೆರೆದರೆ ಎಲೆಅಡಿಕೆ ಜಗಿದಂತೆ ಕೆಂಪು ಹಲ್ಲು. ಇದೇ ಮೀನು ಅಕ್ವೇರಿಯಂ ಅಂಗಡಿಯಲ್ಲಿ ‘ನೈಜರ್ ಟ್ರಿಗರ್’ ಆಗಿ ನೀಲಿ ದೀಪದ ಕೆಳಗೆ ಒಂಟಿಯಾಗಿ ಮೆರೆಯುತ್ತದೆ. ವಿಜ್ಞಾನಿಗಳ ಪುಸ್ತಕದಲ್ಲಿ ಓಡೋನಸ್ ನೈಜರ್. ಮನೆಯಲ್ಲಿ ಜೀವಂತ ಹವಳ ಸಾಕುವ ಟ್ಯಾಂಕಿಗೆ ಇದನ್ನು ಬಿಡಬಹುದೇ?

ಇಂಥ ಪ್ರಶ್ನೆ ಬಂದಾಗೆಲ್ಲ ಜನ ಕೇಳುವುದು ‘ಮೀನು ಸಾಧುವೋ, ಪುಂಡನೋ’ ಎಂದು. ದಾರಿ ತಪ್ಪುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಕಡಲಲ್ಲೂ ಹವಳದ ನಡುವಿನ ಮೀನುಗಳು ದಿನಬೆಳಗಾದರೆ ಜಗಳವಾಡುತ್ತವೆ. ಆದರೆ ಅಲ್ಲಿ ಸೋತದ್ದು ಓಡಿಬಿಟ್ಟರೆ ಜಗಳ ಮುಗಿಯಿತು. ನಾಲ್ಕು ಮಾರು ಆಚೆ ಹೋದರೆ ಗೆದ್ದದ್ದು ಬೆನ್ನು ಬಿಟ್ಟು ಮೇವಿಗೆ ತಿರುಗುತ್ತದೆ. ಆರಡಿ ಉದ್ದದ ಟ್ಯಾಂಕ್ ಎಂದರೆ ಎಲ್ಲ ಸೇರಿ ಒಂದು ಮಾರು. ಸೋತದ್ದು ಎಲ್ಲಿಗೆ ಓಡೀತು? ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದರೂ ಗೆದ್ದವನ ಕಣ್ಣೆದುರಿಗೇ ಇರುತ್ತದೆ. ಕಡಲಲ್ಲಿ ಅರೆ ನಿಮಿಷದಲ್ಲಿ ಮುಗಿಯುತ್ತಿದ್ದ ತಕರಾರು ಇಲ್ಲಿ ವಾರಗಟ್ಟಲೆ ನಡೆದು, ಕೊನೆಗೆ ಒಂದು ಮೀನು ಮೇವು ಬಿಟ್ಟು ಸೊರಗುತ್ತದೆ.

ಹಾಗಾದರೆ ಯಾರಿಗೆ ಯಾರನ್ನು ಕಂಡರೆ ಸಿಟ್ಟು? ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ಕೊನ್ರಾಡ್ ಲೊರೆಂಜ್ ಹವಳದ ಮೀನುಗಳನ್ನು ತೊಟ್ಟಿಯಲ್ಲೂ ಫ್ಲಾರಿಡಾದ ಕಡಲಲ್ಲೂ ನೋಡಿದವರು. ಈ ಮೀನುಗಳ ಕಣ್ಣು ಕೋರೈಸುವ ಬಣ್ಣಗಳು ಗೋಡೆಯ ಪೋಸ್ಟರ್ ಇದ್ದಂತೆ, ‘ಇದು ನನ್ನ ಜಾಗ’ ಎಂದು ಸ್ವಂತ ಜಾತಿಗೇ ಸಾರುವ ಫಲಕ ಎಂದು ಅವರು ವಾದಿಸಿದರು. ಬೇರೆ ಜಾತಿ ಪಕ್ಕದಲ್ಲೇ ಸುಳಿದರೂ ತಲೆ ಕೆಡಿಸಿಕೊಳ್ಳದ ಮೀನು, ತನ್ನಂಥದ್ದೇ ಇನ್ನೊಂದನ್ನು ಕಂಡರೆ ಎರಗುತ್ತದೆ. ಕಾರಣ ಸರಳ: ತನ್ನ ಹೊಟ್ಟೆಗೆ ಕಲ್ಲು ಹಾಕುವುದು ತಾನು ತಿನ್ನುವುದನ್ನೇ ತಿನ್ನುವವನು. ಆಮೇಲಿನ ಸಂಶೋಧಕರು ಈ ವಾದಕ್ಕೆ ಹಲವು ತಿದ್ದುಪಡಿ ಹಾಕಿದ್ದಾರೆ. ಆದರೆ ಟ್ಯಾಂಕ್ ಇಟ್ಟವರಿಗೆ ಇವತ್ತಿಗೂ ಇಷ್ಟು ಸಾಕು: ಆಕಾರ, ಬಣ್ಣ, ಮೇವು ಮೂರೂ ಹೊಂದುವ ಎರಡು ಮೀನುಗಳೇ ಒಂದಕ್ಕೊಂದು ಹೊಂದುವುದಿಲ್ಲ. ನಮ್ಮಲ್ಲಿ ದಾಯಾದಿ ಕಲಹ ಅನ್ನುತ್ತೇವಲ್ಲ, ಅದೇ.

ಬಣ್ಣವೇ ಜಗಳದ ಮೂಲವಾದರೆ ಬಣ್ಣ ಬದಲಿಸಿ ಪಾರಾಗಲೂ ಬಹುದು. ಎಂಪರರ್ ಏಂಜೆಲ್ ಎಂಬ ಮೀನಿನ ಮರಿಯನ್ನು ನೋಡಿ: ಕಪ್ಪುನೀಲಿ ಮೈಮೇಲೆ ಬಿಳಿಯ ಉಂಗುರದೊಳಗೆ ಉಂಗುರ. ಬೆಳೆದ ಮೀನಿಗೆ ಉದ್ದುದ್ದ ಹಳದಿ ಗೆರೆ. ಎರಡೂ ಒಂದೇ ಜಾತಿ ಎಂದರೆ ನಂಬುವುದು ಕಷ್ಟ. ಜರ್ಮನಿಯ ಜೀವವಿಜ್ಞಾನಿ ಹಾನ್ಸ್ ಫ್ರಿಕೆ 1980ರಲ್ಲಿ ತೋರಿಸಿದ್ದು ಇದನ್ನೇ: ಮರಿಯ ವೇಷ ದೊಡ್ಡವರ ಸಿಟ್ಟಿನಿಂದ ಅದನ್ನು ಕಾಯುತ್ತದೆ. ವೇಷ ಕಳಚುತ್ತಿದ್ದಂತೆ ರಿಯಾಯಿತಿಯೂ ಹೋಗುತ್ತದೆ. ಒಂದು ದೊಡ್ಡ ಎಂಪರರ್ ಇರುವ ಟ್ಯಾಂಕಿನಲ್ಲಿ ಒಂದು ಮರಿ ತಿಂಗಳುಗಟ್ಟಲೆ ಸುಖವಾಗಿದ್ದು, ಗೆರೆ ಮೂಡುವ ಹೊತ್ತಿಗೆ ಪೆಟ್ಟು ತಿನ್ನತೊಡಗಿದರೆ ಆಶ್ಚರ್ಯಪಡಬೇಕಿಲ್ಲ.  

ಇನ್ನು ಸರ್ಜನ್ ಮೀನುಗಳು. ಹವ್ಯಾಸಿಗಳ ಬಾಯಲ್ಲಿ ಟ್ಯಾಂಗ್. ಬಾಲದ ಬುಡದಲ್ಲಿ ಎರಡೂ ಕಡೆ ಒಂದೊಂದು ಹರಿತವಾದ ಮುಳ್ಳು ಇರುವುದರಿಂದ ಈ ಹೆಸರು. ಬಾಲ ಬೀಸಿದರೆ ಎದುರಾಳಿಯ ಚರ್ಮ ಬ್ಲೇಡಿನಲ್ಲಿ ಸೀಳಿದಂತೆ ಸೀಳುತ್ತದೆ. ಹಸುವಿನ ಹಾಗೆ ದಿನವಿಡೀ ಪಾಚಿ ಮೇಯುವ ಮೀನುಗಳಿವು. ಹವಳಕ್ಕೆ ಬಾಯಿ ಹಾಕುವುದು ಅಪರೂಪ, ಹವಳದ ಮೇಲೆ ಹಬ್ಬುವ ಪಾಚಿಯನ್ನೂ ಹತೋಟಿಯಲ್ಲಿಡುತ್ತವೆ. ಆದ್ದರಿಂದ ಹವಳದ ಟ್ಯಾಂಕಿಗೆ ದೊಡ್ಡ ಮೀನು ಬೇಕೆಂದವರು ಮೊದಲು ನೋಡುವುದು ಇವನ್ನೇ. ಹಳದಿ ಟ್ಯಾಂಗ್ ಜೊತೆಗೆ ಅದೇ ತಟ್ಟೆಯಾಕಾರದ ಇನ್ನೊಂದು ಟ್ಯಾಂಗ್ ಬೇಡ. ಬದಲಿಗೆ ಉದ್ದ ಮೈಯ, ಬೇರೆ ಬಣ್ಣದ ನೀಲಿ ಟ್ಯಾಂಗ್ ಆದೀತು. ಹಳದಿಗೆ 20 ಸೆಂಟಿಮೀಟರ್, ನೀಲಿಗೆ 30 ಸೆಂಟಿಮೀಟರ್ ಬೆಳೆಯುವಷ್ಟು ಜಾಗ ಇರಬೇಕು, ಅಷ್ಟೆ. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆಯ ಪೌಡರ್ ಬ್ಲೂ ಟ್ಯಾಂಗ್ ನೋಡಲು ಎಲ್ಲಕ್ಕಿಂತ ಚಂದ, ಸ್ವಭಾವದಲ್ಲಿ ಎಲ್ಲಕ್ಕಿಂತ ಮುಂಗೋಪಿ. ನಾನಾದರೆ ಅದನ್ನು ಕಡಲಲ್ಲೇ ನೋಡಿ ಬರುತ್ತೇನೆ.

ಹಳದಿ ಟ್ಯಾಂಗ್ ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಹವಾಯಿಯಲ್ಲಿ ಇವುಗಳ ಕಿವಿಯೊಳಗಿನ ಸುಣ್ಣದ ಹರಳನ್ನು ಕೊಯ್ದು, ಮರದ ಉಂಗುರ ಎಣಿಸಿದಂತೆ ಎಣಿಸಿ ನೋಡಿದಾಗ 41 ವರ್ಷದ ಮೀನೂ ಸಿಕ್ಕಿದೆ. ಎರಡು ವರ್ಷದಲ್ಲಿ ಸತ್ತ ಮೀನನ್ನು ‘ಆಯುಸ್ಸು ಅಷ್ಟೇ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಹವಾಯಿಯಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆ ಮೀನು ಹಿಡಿಯುವುದಕ್ಕೆ 2017ರಿಂದ ನ್ಯಾಯಾಲಯಗಳು ಒಂದೊಂದೇ ತಡೆ ಹಾಕುತ್ತ ಬಂದವು. ಅಲ್ಲಿನ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲೇ ಮೊದಲ ಬಾರಿ ಇವನ್ನು ತೊಟ್ಟಿಯಲ್ಲಿ ಮರಿ ಮಾಡಿಸಿ ಬೆಳೆಸಿತ್ತು. ಸಿಕ್ಕರೆ ಅಂಥ ಸಾಕುಮರಿಯೇ ಮೇಲು. ಟ್ಯಾಂಕಿನ ಮೇವಿಗೆ ಹುಟ್ಟಿನಿಂದಲೇ ಒಗ್ಗಿರುತ್ತದೆ.

‘ದೊಡ್ಡ’ ಎಂಬ ಮಾತಿಗೂ ಒಂದು ಲೆಕ್ಕವಿದೆ. ಉದ್ದ ಎರಡು ಪಟ್ಟಾದರೆ ಮೀನಿನ ತೂಕ ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತದೆ. 7 ಸೆಂಟಿಮೀಟರಿನ ನಾಲ್ಕು ಮರಿ ತಂದವರಿಗೆ ಅವು 28 ಸೆಂಟಿಮೀಟರ್ ಆದಾಗ ಕೈಯಲ್ಲಿರುವುದು ನಾಲ್ಕು ಮೀನಲ್ಲ, ಮೊದಲಿನ ಲೆಕ್ಕದಲ್ಲಿ 256 ಮೀನಿನ ತೂಕ. ಉಸಿರು ಬೇಕು, ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದಿಟ್ಟರೆ ಕಡಲ ನೀರು ಹಿಡಿಯುವುದು 7ಕ್ಕೂ ಕಡಿಮೆ. ರಾತ್ರಿ ಕರೆಂಟ್ ಹೋಗಿ ಪಂಪು ನಿಂತರೆ ಮೊದಲು ಒದ್ದಾಡುವುದು ದೊಡ್ಡ ಮೀನುಗಳೇ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 680 ಲೀಟರ್; ಕಲ್ಲು ಮರಳು ಹಾಕಿದ ಮೇಲೆ ಅದೂ ಇಲ್ಲ. ಮಹಡಿ ಮನೆಯವರು ನೆಲ ಇಷ್ಟು ಭಾರ ತಡೆಯುತ್ತದೆಯೇ ಎಂದು ಎಂಜಿನಿಯರನ್ನು ಕೇಳುವುದು ಒಳ್ಳೆಯದು.

ಮೀನಿನ ಗಲೀಜು ಹವಳಕ್ಕೆ ವಿಷ ಎಂಬ ಮಾತು ಅರ್ಧ ಸತ್ಯ. ಕೆರಿಬಿಯನ್ನಿನ ವರ್ಜಿನ್ ದ್ವೀಪಗಳ ಕಡಲಲ್ಲಿ ವಿಜ್ಞಾನಿ ಜೂಡಿ ಮೇಯರ್ ಮತ್ತು ಸಂಗಡಿಗರು 1983ರಲ್ಲಿ ಕಂಡಿದ್ದೇ ಬೇರೆ: ಹಗಲಿಡೀ ಗ್ರಂಟ್ ಮೀನುಗಳ ಹಿಂಡು ಬೀಡುಬಿಟ್ಟ ಹವಳಗಳು ಮೀನಿಲ್ಲದ ಹವಳಗಳಿಗಿಂತ ಬೇಗ ಬೆಳೆಯುತ್ತಿದ್ದವು. ಮೀನಿನ ವಿಸರ್ಜನೆಯೇ ಗೊಬ್ಬರ. ಕಡಲಲ್ಲಿ ಹೆಚ್ಚಾದದ್ದು ಅಲೆಯ ಜೊತೆ ಹೋಗುತ್ತದೆ, ಟ್ಯಾಂಕಿನಲ್ಲಿ ನೈಟ್ರೇಟ್ ಆಗಿ ಉಳಿದು ಪಾಚಿಗೆ ಗೊಬ್ಬರವಾಗುತ್ತದೆ. ಅಲ್ಲಿಂದಾಚೆಗೆ ನೀವು ಹವಳ ಸಾಕುತ್ತಿಲ್ಲ, ಪಾಚಿ ಸಾಕುತ್ತಿದ್ದೀರಿ.

ಬಾಯಿಯ ಅಳತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಕರಾವಳಿಯವರು ಮುರು ಎನ್ನುವ ಗ್ರೂಪರ್ ಬಳಗದ ಒಂದು ಮರಿ ಅಂಗಡಿಯಲ್ಲಿ ಬಿಳಿ ಮೈ, ಕಪ್ಪು ಬೊಟ್ಟುಗಳೊಂದಿಗೆ ಮುದ್ದಾಗಿ ಕುಣಿಯುತ್ತಿರುತ್ತದೆ. ಅದು 70 ಸೆಂಟಿಮೀಟರ್ ಆಗುತ್ತದೆ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ. ಇಲ್ಲಿ ಸಿಟ್ಟಿನ ಮಾತೇ ಇಲ್ಲ, ಬರೀ ಹಸಿವು.

ಮೀನುಗಳನ್ನು ಬಿಡುವ ಸರದಿಯೂ ಆಯ್ಕೆಯಷ್ಟೇ ಮುಖ್ಯ. ಮೊದಲು ಬಂದದ್ದು ಇಡೀ ಟ್ಯಾಂಕನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಹಾಗಾಗಿ ಪಾಚಿ ಮೇಯುವ ಹಳದಿ ಮೀನು ಫಾಕ್ಸ್‌ಫೇಸ್‌ನಂಥ ಮೆತ್ತನೆಯವು ಮೊದಲು, ಮುಂಗೋಪಿಗಳು ಕಡೆಗೆ. ಹೊಸದನ್ನು ಬಿಡುವ ದಿನ ಕಲ್ಲುಗಳ ಜಾಗ ಬದಲಿಸಿದರೆ ಹಳಬರಿಗೂ ಊರು ಹೊಸದಾಗುತ್ತದೆ. ಗಾಜಿನ ಹೊರಗೆ ಕನ್ನಡಿ ಇಟ್ಟರೆ ಹಳೆಯ ಪೈಲ್ವಾನ ಕೆಲವು ದಿನ ತನ್ನ ಬಿಂಬದೊಂದಿಗೇ ಹೋರಾಡುತ್ತಾನೆ. ಇದಕ್ಕೂ ಮೊದಲು ಹೊಸ ಮೀನು ಕೆಲವು ವಾರ ಬೇರೆ ತೊಟ್ಟಿಯಲ್ಲಿರಲಿ. ಬಿಳಿಚುಕ್ಕೆ ರೋಗದ ಪರಾವಲಂಬಿಯನ್ನು ಕೊಲ್ಲುವ ತಾಮ್ರದ ಮದ್ದು ಹವಳವನ್ನೂ ಕೊಲ್ಲುತ್ತದೆ. ರೋಗ ಹವಳದ ಟ್ಯಾಂಕಿಗೆ ಹೊಕ್ಕಿತೋ, ಎಲ್ಲ ಮೀನು ಹೊರತೆಗೆದು ಸುಮಾರು ಎರಡೂವರೆ ತಿಂಗಳು ಖಾಲಿ ಬಿಡಬೇಕು.

ಒಂದು ಮಾತು ನಡುವೆ ಹೇಳಲೇಬೇಕು. ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವುದೂ ಆ ಪಟ್ಟಿಯಲ್ಲೇ. ನಮ್ಮ ಕಡಲಿನಿಂದ ಕಿತ್ತು ತಂದ ಹವಳ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು.

ಈಗ ಕಾರ್ಗಿಲ್ ಮೀನಿಗೆ ಬರೋಣ. ಟ್ರಿಗರ್ ಬಳಗದ ಹಲವು ಮೀನುಗಳು ಏಡಿ, ಕಡಲ ಮುಳ್ಳುಚೆಂಡುಗಳನ್ನು ಒಡೆದು ತಿನ್ನುವ ಗಟ್ಟಿ ದವಡೆಯವು. ಕ್ಲೌನ್ ಟ್ರಿಗರ್ ಅಂತೂ ಟ್ಯಾಂಕನ್ನೇ ಬರಿದು ಮಾಡೀತು. ಕಾರ್ಗಿಲ್ ಹಾಗಲ್ಲ. ಅದು ಕಡಲಲ್ಲಿ ಹಿಂಡುಕಟ್ಟಿ, ನೀರಿನಲ್ಲಿ ತೇಲಿಬರುವ ಪ್ಲವಕ ಎಂಬ ಪುಟ್ಟ ಜೀವಿಗಳನ್ನು ಹೆಕ್ಕುತ್ತದೆ. ಹವಳದ ತಂಟೆಗೆ ಸಾಮಾನ್ಯವಾಗಿ ಹೋಗದು, ಪಾಚಿ ಮೇಯುವ ಟ್ಯಾಂಗ್‌ಗಳೊಂದಿಗೆ ಮೇವಿನ ಪೈಪೋಟಿಯೂ ಕಡಿಮೆ. ಸಿಗಡಿಗಳನ್ನು ಮಾತ್ರ ಅದರೆದುರು ಬಿಟ್ಟು ಆಸೆ ಇಟ್ಟುಕೊಳ್ಳಬೇಡಿ. ನಾನು ಆರಡಿ ಟ್ಯಾಂಕಿಗೆ ಒಂದು ಫಾಕ್ಸ್‌ಫೇಸ್, ಒಂದು ಹಳದಿ ಟ್ಯಾಂಗ್ ಬಿಟ್ಟು, ಅವು ನೆಲೆಯಾದ ಮೇಲೆ ಒಂದೇ ಒಂದು ಕಾರ್ಗಿಲ್ ಬಿಟ್ಟು ಅಲ್ಲಿಗೆ ನಿಲ್ಲಿಸುತ್ತೇನೆ.

ರಾತ್ರಿಯಾದರೆ ಅದು ಕಲ್ಲಿನ ಸಂದಿಗೆ ಹೊಕ್ಕು ಬೆನ್ನಿನ ಮೊದಲ ಮುಳ್ಳನ್ನು ಎತ್ತುತ್ತದೆ, ಎರಡನೆಯ ಮುಳ್ಳು ಅದಕ್ಕೆ ಅಗುಳಿ ಹಾಕುತ್ತದೆ. ಎಳೆದರೆ ಬರುವುದಿಲ್ಲ. ಸಾಕಾಯಿತು, ಇದನ್ನು ವಾಪಸ್ ಕೊಡೋಣ ಎಂದು ನಿಮಗನ್ನಿಸಿದ ದಿನ ಕಲ್ಲಿನ ಸಮೇತ ಎತ್ತಬೇಕಾಗುತ್ತದೆ.